ರಾಜಕಾಲುವೆ ಅಳೆದದ್ದಾಯಿತು, ಮನೆಯವರನ್ನು ಕೇಳುವುದು ಯಾವಾಗ?

ನಾನು ವಿಮಾ ಕಂಪನಿಯೊಂದರಲ್ಲಿ ಮನೆ ಹಾನಿಯ ಕ್ಲೇಮು ನೋಡುವವಳು. ಇರುವುದು ಶಿಕಾಗೋದ ವಾಯವ್ಯಕ್ಕೆ, ಓಹೇರ್ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ಡೆಸ್ ಪ್ಲೇನ್ಸ್ ಊರಲ್ಲಿ. ಹುಟ್ಟಿ ಬೆಳೆದದ್ದು ಕೋಲಾರ ತಾಲೂಕಿನ ನರಸಾಪುರದ ಕಡೆ. ಇಲ್ಲಿ ಮನೆಯೊಳಗಿನ ನೀರನ್ನು ಹೊರಗೆ ಹಾಕುವುದೇ ಚಿಂತೆ, ಅಲ್ಲಿ ಸಾವಿರ ಅಡಿ ಕೊರೆದರೂ ನೀರಿಲ್ಲವೆಂಬ ಚಿಂತೆ. ಎರಡನ್ನೂ ನೋಡಿದವಳಾಗಿ ಬೆಂಗಳೂರಿನ ಐದು ಹೊಸ ಪಾಲಿಕೆಗಳಿಗೆ ಒಂದು ಮಾತು ಹೇಳಬೇಕಿದೆ. ರಾಜಕಾಲುವೆಗೆ ಗೋಡೆ ಕಟ್ಟುವ ದುಡ್ಡಿನಲ್ಲಿ ಒಂದು ಚೂರು ತೆಗೆದಿಡಿ. ಪ್ರತಿ ವರ್ಷ ಮನೆಮನೆಗೆ ಹೋಗಿ ಕೇಳಿ: ಹೋದ ಮಳೆಗಾಲದಲ್ಲಿ ನಿಮ್ಮ ಮನೆಗೆ ನೀರು ನುಗ್ಗಿತೇ? ಹೋದ ಬೇಸಿಗೆಯಲ್ಲಿ ಟ್ಯಾಂಕರಿನವನಿಗೆ ಎಷ್ಟು ಕೊಟ್ಟಿರಿ? ಬಂದ ಉತ್ತರಗಳನ್ನು ವಾರ್ಡುವಾರು ಪ್ರಕಟಿಸಿ.

ಇಷ್ಟೇನಾ ಎನ್ನಬಹುದು. ಇಷ್ಟನ್ನು ಮೊದಲೇ ಮಾಡದೆ ಶಿಕಾಗೋ ಎಷ್ಟು ವರ್ಷ, ಎಷ್ಟು ದುಡ್ಡು ಸುರಿಯಿತು ಎಂಬುದು ನನ್ನ ಮೇಜಿನ ಮೇಲಿನ ಕಾಗದಗಳಲ್ಲೇ ಕಾಣುತ್ತದೆ.

ಇಲ್ಲಿನ ಮನೆಗಳಿಗೆಲ್ಲ ಸಾಮಾನ್ಯವಾಗಿ ನೆಲದಡಿ ಒಂದು ಬೇಸ್‌ಮೆಂಟ್ ಇರುತ್ತದೆ. ಬಟ್ಟೆ ಒಗೆಯುವ ಯಂತ್ರ, ಬಿಸಿನೀರಿನ ಹಂಡೆಯಂಥ ಹೀಟರು, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸು ಎಲ್ಲ ಅಲ್ಲೇ. ನಮ್ಮವರ ಮನೆಗಳಾದರೆ ಅದರ ಜೊತೆಗೆ ದಸರಾ ಗೊಂಬೆಗಳ ಪೆಟ್ಟಿಗೆ, ಗಣಪತಿ ಮಂಟಪ, ಊರಿಂದ ಬರುವ ಅಪ್ಪ-ಅಮ್ಮನಿಗೆಂದು ಹಾಕಿದ ಮಂಚ, ಎರಡು ಮೂಟೆ ಸೋನಾ ಮಸೂರಿ. ಹಳೆಯ ಬಡಾವಣೆಗಳಲ್ಲಿ ಮಳೆನೀರಿಗೂ ಶೌಚದ ನೀರಿಗೂ ಒಂದೇ ಕೊಳವೆ. ಜೋರು ಮಳೆಗೆ ಆ ಕೊಳವೆ ತುಂಬಿದರೆ ನೀರು ಹಿಂದಕ್ಕೆ ಒತ್ತಿ, ಬೇಸ್‌ಮೆಂಟಿನ ನೆಲದಲ್ಲಿರುವ ಜಾಲರಿಯಿಂದ ಮೇಲೇಳುತ್ತದೆ. ನದಿ ಮೂರು ಮೈಲಿ ಆಚೆ ಇರಬಹುದು, ಕಣ್ಣಿಗೇ ಬೀಳದಿರಬಹುದು. ಮನೆಯೊಳಗೆ ಮಾತ್ರ ಮೊಣಕಾಲುದ್ದ ಗಬ್ಬು ನೀರು. ಆಮೇಲೆ ನನಗೆ ಫೋನು ಬರುತ್ತದೆ. ಸಾಮಾನ್ಯ ಮನೆ ಪಾಲಿಸಿ ಪ್ರವಾಹಕ್ಕೆ ಅನ್ವಯಿಸುವುದಿಲ್ಲ ಎಂದು ನಾನು ಹೇಳಬೇಕು. ನದಿ ಉಕ್ಕಿ ಬಂದರೆ ಅದಕ್ಕೆ ಕೇಂದ್ರ ಸರ್ಕಾರದ ಬೇರೆ ವಿಮೆ. ಚರಂಡಿ ಹಿಮ್ಮುಖವಾಗಿ ಬಂದರೆ ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟಿರಬೇಕು. ಕೇಂದ್ರದ ವಿಮೆಯೂ ಬೇಸ್‌ಮೆಂಟಿನಲ್ಲಿದ್ದ ಫರ್ನೇಸಿಗೆ ಕೊಡುತ್ತದೆ, ಅಲ್ಲಿದ್ದ ಮಂಚಕ್ಕೆ ಕೊಡುವುದಿಲ್ಲ. ಗೊಂಬೆಗಳ ಮಾತಂತೂ ಬೇಡ.

ಊರಿಗೆ ಹೆಸರು ಕೊಟ್ಟ ಡೆಸ್ ಪ್ಲೇನ್ಸ್ ನದಿ ದಕ್ಷಿಣ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿ, ಶಿಕಾಗೋದ ಪಶ್ಚಿಮದ ಊರುಗಳನ್ನು ಬಳಸಿಕೊಂಡು ದಕ್ಷಿಣಕ್ಕೆ ಹರಿಯುತ್ತದೆ. ನಮ್ಮ ಹೇಮಾವತಿ, ಕಬಿನಿಗಳನ್ನು ನೋಡಿದವರು ಇದನ್ನು ಹಳ್ಳ ಎಂದಾರು. ಇಳಿಜಾರೇ ಇಲ್ಲದ ಬಯಲಲ್ಲಿ ಹರಿಯುವುದರಿಂದ ಉಕ್ಕಿದರೆ ಬೇಗ ಇಳಿಯುವುದಿಲ್ಲ. 1986ರಲ್ಲಿ ಉಕ್ಕಿತು. 1987ರ ಆಗಸ್ಟ್‌ನಲ್ಲಿ ಓಹೇರ್‌ನಲ್ಲಿ ಒಂದೇ ಮಳೆಗೆ ಒಂಬತ್ತು ಇಂಚಿಗೂ ಮಿಕ್ಕಿ ಸುರಿಯಿತು. 2008ರಲ್ಲಿ ಇಲ್ಲಿ ಅಮೆರಿಕದ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನ ಮುಗಿದ ಎರಡು ವಾರಕ್ಕೆ ಮತ್ತೆ ಪ್ರವಾಹ. 2013ರ ಏಪ್ರಿಲ್‌ನಲ್ಲಿ ನದಿ ಸುಮಾರು 10.9 ಅಡಿಗೆ ಏರಿ 1986ರ ದಾಖಲೆಯನ್ನು ಕೂದಲೆಳೆಯಷ್ಟು ದಾಟಿತು.

ಇದಕ್ಕೆ ಶಿಕಾಗೋ ಕಂಡುಕೊಂಡ ಉತ್ತರ ಸುರಂಗ. 1975ರಲ್ಲಿ ಅಗೆಯಲು ಶುರುಮಾಡಿ 2006ರಲ್ಲಿ ಮುಗಿಸಿದ ಈ 'ಡೀಪ್ ಟನೆಲ್' ಸುಮಾರು 176 ಕಿ.ಮೀ. ಉದ್ದ. ಕೆಲವು ಕಡೆ 33 ಅಡಿ ವ್ಯಾಸ, ನೆಲದಿಂದ 300 ಅಡಿ ಆಳ. ಮಳೆ ಬಂದಾಗ ಚರಂಡಿಯಲ್ಲಿ ಹಿಡಿಸದ ನೀರನ್ನು ನುಂಗಿಕೊಂಡು, ದೊಡ್ಡ ಜಲಾಶಯಗಳಿಗೆ ಹಾಕಿ, ಆಮೇಲೆ ನಿಧಾನವಾಗಿ ಶುದ್ಧೀಕರಿಸಿ ಹೊರಗೆ ಬಿಡುವುದು ಇದರ ಕೆಲಸ. ಹಳೆಯ ಸುಣ್ಣಕಲ್ಲಿನ ಕ್ವಾರಿಯೊಂದನ್ನೇ ಜಲಾಶಯ ಮಾಡಿ 2015ರಲ್ಲಿ ಬಳಕೆಗೆ ತಂದ ಥಾರ್ನ್‌ಟನ್ ಒಂದರಲ್ಲೇ ಹೆಚ್ಚುಕಡಿಮೆ ಒಂದು ಟಿಎಂಸಿ ನೀರು ಹಿಡಿಯುತ್ತದೆ. ಮೆಕುಕ್ ಎಂಬಲ್ಲಿನ ಇನ್ನೊಂದರ ಎರಡನೇ ಹಂತ ಮುಗಿಯಲು 2029 ಆಗುತ್ತದಂತೆ. ಅಲ್ಲಿಗೆ ಅರ್ಧ ಶತಮಾನ ದಾಟಿತು. ನಾನು ಇದನ್ನು ಹಂಗಿಸುತ್ತಿಲ್ಲ. ನದಿಗೆ ಹೋಗುತ್ತಿದ್ದ ಕೊಳೆ ಬಹಳ ಕಡಿಮೆಯಾಗಿದೆ, ಎಂಜಿನಿಯರುಗಳ ತಾಳ್ಮೆ ದೊಡ್ಡದು. (ಸುರಂಗವೆಂದರೆ ಈಗ ಬೆಂಗಳೂರಿಗೂ ಪ್ರೀತಿ ಬಂದಿದೆ, ಅಲ್ಲಿ ಕಾರು ಹೋಗಲಿಕ್ಕೆ.) ನನ್ನ ಪ್ರಶ್ನೆ ಬೇರೆ: ಇಷ್ಟೆಲ್ಲ ಅಗೆಯುವಾಗ ಯಾರ ಮನೆಗೆ ನೀರು ನುಗ್ಗುತ್ತಿದೆ ಎಂಬ ಪಟ್ಟಿ ಯಾರ ಹತ್ತಿರ ಇತ್ತು?

ಯಾರ ಹತ್ತಿರವೂ ಇರಲಿಲ್ಲ. ಇದ್ದದ್ದು ಪ್ರವಾಹ ಪ್ರದೇಶದ ನಕ್ಷೆ, ನದಿಯ ಇಕ್ಕೆಲಗಳಲ್ಲಿ ಬಣ್ಣ ಬಳಿದ ಪಟ್ಟಿ. 2013ರಲ್ಲಿ ಶಿಕಾಗೋದ 'ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ' ಎಂಬ ಸಂಸ್ಥೆ ನಕ್ಷೆಯನ್ನು ಬದಿಗಿಟ್ಟು ವಿಮೆಯ ಕ್ಲೇಮುಗಳನ್ನು ಎಣಿಸಿತು. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ 2007ರಿಂದ 2011ರವರೆಗಿನ ಐದು ವರ್ಷದಲ್ಲಿ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಕ್ಲೇಮು. ಯಾವ ಪಿನ್‌ಕೋಡಿಗೆ ಎಷ್ಟು ಪರಿಹಾರ ಹೋಯಿತು ಎಂಬುದಕ್ಕೂ ನಕ್ಷೆಯ ಬಣ್ಣಕ್ಕೂ ಸಂಬಂಧವೇ ಇರಲಿಲ್ಲ. ಮರುವರ್ಷ ಇಲಿನಾಯ್ ರಾಜ್ಯ ಇದಕ್ಕೊಂದು ಕಾಯ್ದೆ ಮಾಡಿ ಅಧ್ಯಯನಕ್ಕೆ ಆದೇಶಿಸಿತು. 2015ರ ಆ ವರದಿಯ ಪ್ರಕಾರ 2007ರಿಂದ 2014ರವರೆಗಿನ ನಗರ ಪ್ರವಾಹದ ಕ್ಲೇಮುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಕ್ಷೆಯ ಆಚೆಗಿನವು.

ಕ್ಲೇಮು ನೋಡುವವಳಾಗಿ ಇದಕ್ಕೆ ನನ್ನದೊಂದು ತಕರಾರು ಸೇರಿಸುತ್ತೇನೆ. ಕ್ಲೇಮಿನ ಪಟ್ಟಿಯೂ ಪೂರ್ತಿ ಸತ್ಯವಲ್ಲ. ಯಾರ ಹತ್ತಿರ ಪಾಲಿಸಿ ಇತ್ತು ಎಂದು ಅದು ಹೇಳುತ್ತದೆ. ಯಾರ ಮನೆಗೆ ನೀರು ನುಗ್ಗಿತು ಎಂದು ಹೇಳುವುದಿಲ್ಲ. ಒಮ್ಮೆ ಕ್ಲೇಮು ಹಾಕಿದರೆ ಮುಂದಿನ ವರ್ಷ ಪ್ರೀಮಿಯಂ ಏರುತ್ತದೆಂದು ಸುಮ್ಮನಿರುವವರು ಬಹಳ. ನಮ್ಮ ಬೀದಿಯ ಪೋಲಿಷ್ ಅಜ್ಜಿಯೊಬ್ಬರು ಪ್ರತಿ ಸಲ ತಾವೇ ಬಕೆಟ್ಟು ಹಿಡಿದು ಬಳಿದು, ಗೋಡೆಗೆ ಸುಣ್ಣ ಬಳಿದ ಹಾಗೆ ಬ್ಲೀಚು ಬಳಿಯುತ್ತಾರೆ. ಅವರ ಹೆಸರು ಯಾವ ಕಂಪನಿಯ ದಾಖಲೆಯಲ್ಲೂ ಬಂದಿರಲಾರದು. ಅರ್ಧ ನೆಲದಡಿ ಇರುವ ಅಗ್ಗದ ಫ್ಲಾಟುಗಳಲ್ಲಿ ಬಾಡಿಗೆಗಿರುವವರ ಕಥೆಯೂ ಅದೇ. ಅವರಿಗೆ ಇಂಥ ವಿಮೆ ಇದೆಯೆಂದೇ ಗೊತ್ತಿರುವುದಿಲ್ಲ. ಹಾಗಾಗಿ ಮಾಪಕ ಸಾಲದು, ನಕ್ಷೆ ಸಾಲದು, ಕ್ಲೇಮೂ ಸಾಲದು. ಬಾಗಿಲು ತಟ್ಟಿ ಕೇಳಬೇಕು.

ಕೇಳಬೇಕು ಎಂದು ಮೊದಲು ಹೇಳಿದ್ದೂ ಶಿಕಾಗೋದಲ್ಲೇ ಎಂಬುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುವ ಸಂಗತಿ. ಗಿಲ್ಬರ್ಟ್ ವೈಟ್ ಎಂಬ ಭೂಗೋಳ ವಿದ್ವಾಂಸರು 1911ರಲ್ಲಿ ಹುಟ್ಟಿದ್ದು ಇದೇ ನಗರದಲ್ಲಿ. 1930ರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರಿ ಯೋಜನೆಗಳ ಕೆಲಸ ಮಾಡುತ್ತಿದ್ದಾಗ, ಅಣೆಕಟ್ಟು ಮತ್ತು ಒಡ್ಡುಗಳಿಗೆ ಕೋಟಿಗಟ್ಟಲೆ ಡಾಲರ್ ಹೋಗುವುದನ್ನು ಹತ್ತಿರದಿಂದ ನೋಡಿದರು. 1942ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಕೊಟ್ಟು 1945ರಲ್ಲಿ ಅಚ್ಚಾದ ಅವರ ಪ್ರಬಂಧದ ವಾದ ಸರಳ. ಮಳೆ ನಮ್ಮ ಕೈಲಿಲ್ಲ, ಆದರೆ ನಷ್ಟದ ಬಹುಪಾಲು ನಾವು ಎಲ್ಲಿ ಮನೆ ಕಟ್ಟಿದೆವು, ಹೇಗೆ ಕಟ್ಟಿದೆವು ಎಂಬುದರಿಂದ ಬರುತ್ತದೆ. ಒಡ್ಡು ಕಟ್ಟುವುದು ಎಂಟು ದಾರಿಗಳಲ್ಲಿ ಒಂದು ಮಾತ್ರ. ನೆಲ ಎತ್ತರಿಸುವುದು, ಮೇಲಿನ ಜಮೀನಿನಲ್ಲೇ ನೀರು ಇಂಗಿಸುವುದು, ಕಟ್ಟಡದ ರೀತಿ ಬದಲಿಸುವುದು, ಭೂಬಳಕೆ ಬದಲಿಸುವುದು, ಮುನ್ನೆಚ್ಚರಿಕೆ, ಪರಿಹಾರ, ವಿಮೆ ಇವೆಲ್ಲ ಉಳಿದ ದಾರಿಗಳು. 1955ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಬಂದ ಮೇಲೆ ಶಿಷ್ಯರೊಂದಿಗೆ ಊರೂರು ತಿರುಗಿ ನೋಡಿದರು. ಒಡ್ಡು ಕಟ್ಟಿದ ಕಡೆಯೆಲ್ಲ ಅದರ ಹಿಂದೆ ಹೊಸ ಮನೆ, ಹೊಸ ಅಂಗಡಿ. ಸಣ್ಣ ಪ್ರವಾಹ ನಿಂತಿತು, ದೊಡ್ಡದು ಬಂದಾಗ ನಷ್ಟ ಮೊದಲಿಗಿಂತ ಹೆಚ್ಚು.

ಅವರ ಶಿಷ್ಯ ರಾಬರ್ಟ್ ಕೇಟ್ಸ್ ಟೆನೆಸಿ ರಾಜ್ಯದ ಲಾಫಾಲೆಟ್ ಎಂಬ ಪುಟ್ಟ ಊರಿನ ಅಂಗಡಿಯವರನ್ನೂ ಮನೆಯವರನ್ನೂ ಕೂರಿಸಿಕೊಂಡು ಮಾತಾಡಿಸಿದರು. 1962ರ ಆ ಪುಸ್ತಕ ಓದಿದರೆ ನನ್ನ ಕಚೇರಿಯ ಫೋನು ಕರೆಗಳೇ ನೆನಪಾಗುತ್ತವೆ. 'ಬಂದುಹೋಯಿತಲ್ಲ, ಇನ್ನು ಸದ್ಯಕ್ಕೆ ಬರಲ್ಲ' ಎನ್ನುವವರು, 'ಅದೇನೋ ಆ ವರ್ಷದ ಗ್ರಹಚಾರ' ಎನ್ನುವವರು. ತಾವು ಕಂಡದ್ದಕ್ಕಿಂತ ದೊಡ್ಡ ನೀರನ್ನು ಊಹಿಸಿಕೊಳ್ಳಲು ಬಹುಪಾಲು ಜನರಿಗೆ ಆಗುವುದಿಲ್ಲ. ನಾಲ್ಕು ವರ್ಷದ ನಂತರ ಅದೇ ವಿಭಾಗದ ಥಾಮಸ್ ಸಾರಿನೆನ್ ಬರದ ಬಗ್ಗೆ ಇದೇ ಕೆಲಸ ಮಾಡಿದರು. ಅಮೆರಿಕದ ಮಧ್ಯಭಾಗದ ಬಯಲುಗಳ ಗೋಧಿ ರೈತರು ಬರ ಎಷ್ಟು ಸಲ ಬರುತ್ತದೆಂಬುದನ್ನು ಕಡಿಮೆ ಎಣಿಸುತ್ತಿದ್ದರು. ವೈಟ್ ದಂಪತಿ, ಡೇವಿಡ್ ಬ್ರಾಡ್ಲಿ ಎಂಬ ವೈದ್ಯರ ಜೊತೆ ಪೂರ್ವ ಆಫ್ರಿಕಾಕ್ಕೆ ಹೋಗಿ 34 ಜಾಗಗಳಲ್ಲಿ ಹೆಂಗಸರು ದಿನಕ್ಕೆ ಎಷ್ಟು ನೀರು, ಎಷ್ಟು ದೂರದಿಂದ, ಯಾವ ಲೆಕ್ಕಾಚಾರದಲ್ಲಿ ಹೊತ್ತು ತರುತ್ತಾರೆಂದು ಕೇಳಿ 1972ರಲ್ಲಿ ಪುಸ್ತಕ ಬರೆದರು. ಒಂದೇ ವಿಭಾಗದ ಕಾರಿಡಾರಿನಲ್ಲಿ ನೆರೆ, ಬರ, ಬಿಂದಿಗೆ ಮೂರೂ ಸೇರಿದ್ದವು. ನಮ್ಮಲ್ಲಿ ಇವತ್ತಿಗೂ ಇವು ಮೂರು ಇಲಾಖೆ.

ಅವರ ಮಾತು ಅವರ ಊರಿಗೇ ಕೇಳಿಸಲು ಎಷ್ಟು ಹೊತ್ತಾಯಿತು ನೋಡಿ. ಡೆಸ್ ಪ್ಲೇನ್ಸ್‌ನಲ್ಲಿ ರ್‍ಯಾಂಡ್ ಪಾರ್ಕ್ ಬಳಿ ಒಡ್ಡು ಇದೆ. ಒಡ್ಡಿನ ಹಿಂದಿನ ಮನೆಗಳಲ್ಲಿ ಬೇಸ್‌ಮೆಂಟಿಗೆ ಮರದ ನೆಲಹಾಸು, ಹೋಮ್ ಥಿಯೇಟರು ಬರುತ್ತಿವೆ. ವೈಟ್ ಅರವತ್ತು ವರ್ಷಕ್ಕೂ ಹಿಂದೆ ಬರೆದದ್ದು ನನ್ನ ಮುಂದೆ ಬಿಲ್ಲಿನ ರೂಪದಲ್ಲಿ ಬರುತ್ತದೆ. ಆದರೆ ಒಂದು ಕೆಲಸವನ್ನು ಈ ಊರು ಚೆನ್ನಾಗಿ ಮಾಡಿದೆ. 2013ರ ನಂತರ ನದಿಯಂಚಿನಲ್ಲಿ ಮತ್ತೆ ಮತ್ತೆ ಮುಳುಗುತ್ತಿದ್ದ ಮನೆಗಳನ್ನು ಸರ್ಕಾರದ ಹಣದಲ್ಲಿ, ಮಾಲೀಕರು ಒಪ್ಪಿದರೆ ಮಾತ್ರ, ಕೊಂಡು ಕೆಡವಿತು. ಬಿಗ್ ಬೆಂಡ್ ರಸ್ತೆಯ ಕಡೆ ಹೋದರೆ ಮನೆ ಇದ್ದ ಜಾಗದಲ್ಲಿ ಹುಲ್ಲು ಕಾಣುತ್ತದೆ. ಇನ್ನು ಅಲ್ಲಿ ಕಟ್ಟುವಂತಿಲ್ಲ, ನೀರು ಬಂದರೆ ಬಂದು ಹೋಗಲಿ. ಕೊಂಡುಕೊಳ್ಳುವ ಮುಂಚೆ ಮನೆಯವರ ಜೊತೆ ಕೂತು ಮಾತಾಡಬೇಕಾಯಿತು. ಜೆಸಿಬಿ ಬಂದದ್ದು ಮಾತು ಮುಗಿದ ಮೇಲೆ. ಬೆಂಗಳೂರಿನಲ್ಲಿ ಒತ್ತುವರಿ ತೆರವೆಂದರೆ ಜೆಸಿಬಿಯೇ ಮೊದಲ ಮಾತು.

ಡೆಟ್ರಾಯ್ಟ್‌ನದು ಇನ್ನೂ ಹತ್ತಿರದ ಉದಾಹರಣೆ. ಬಡ ಊರು, ಹಳೆಯ ಚರಂಡಿ, ಬಾಡಿಗೆದಾರರು ಜಾಸ್ತಿ. ವಿಮೆಯ ದಾಖಲೆ ನಂಬಿ ಕೂತರೆ ಏನೂ ಸಿಗದು. ಮಿಷಿಗನ್ ವಿಶ್ವವಿದ್ಯಾಲಯದವರು 2012ರಿಂದ 2020ರವರೆಗೆ ಸುಮಾರು 4,800 ಮನೆಗಳಿಂದ ಮಾಹಿತಿ ಪಡೆದರು. ನೂರಕ್ಕೆ ಸುಮಾರು 43 ಮನೆಯವರು ನೀರು ನುಗ್ಗಿದೆ ಎಂದರು. ಹೆಚ್ಚುಕಡಿಮೆ ಅರ್ಧ ಊರು! ಅದು 2021ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಜೂನ್‌ನಲ್ಲಿ ಮಳೆ ಬಂದು ಪಂಪುಗಳು ಕೈಕೊಟ್ಟು, ಹೆದ್ದಾರಿಯಲ್ಲಿ ಕಾರುಗಳು ತೇಲಿದ ಚಿತ್ರಗಳನ್ನು ಕರ್ನಾಟಕದವರೂ ಟಿವಿಯಲ್ಲಿ ನೋಡಿರಬಹುದು. ಟಿವಿಯವರಿಗೆ ಹೆದ್ದಾರಿ ಸಿಕ್ಕಿತು. ಬೇಸ್‌ಮೆಂಟುಗಳ ಕಥೆ ಗೊತ್ತಿದ್ದದ್ದು ಬಾಗಿಲು ತಟ್ಟಿದವರಿಗೆ.

ನೆರೆ ಮತ್ತು ಬರವನ್ನು ಒಟ್ಟಿಗೇ ಕೇಳಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣ ನಮ್ಮ ನದಿಯೇ. ಇದೇ ಡೆಸ್ ಪ್ಲೇನ್ಸ್ ನದಿಯ ಕೆಳದಂಡೆಯಲ್ಲಿ ಜೋಲಿಯೆಟ್ ಎಂಬ ಊರಿದೆ. ನೂರಾರು ಅಡಿ ಆಳದ ಮರಳುಗಲ್ಲಿನ ಪದರದಿಂದ ನೀರು ಎತ್ತಿ ಎತ್ತಿ ಅದನ್ನು ಬತ್ತಿಸಿಕೊಂಡಿದೆ. ಕೋಲಾರದವಳಿಗೆ ಈ ಕಥೆ ಹೊಸದಲ್ಲ. 2030ರ ಹೊತ್ತಿಗೆ ಬೇಸಿಗೆಯ ಬೇಡಿಕೆ ಪೂರೈಸಲಾಗದೆಂದು ಗೊತ್ತಾದ ಮೇಲೆ ಶಿಕಾಗೋದಿಂದ ಮಿಷಿಗನ್ ಸರೋವರದ ನೀರು ಕೊಳ್ಳಲು ಒಪ್ಪಂದ ಮಾಡಿಕೊಂಡಿದೆ. ಮೇಲಿನವರು ನೀರು ಜಾಸ್ತಿಯಾಯಿತೆಂದು ಅಳುವಾಗ ಕೆಳಗಿನವರು ಅದೇ ನದಿಯ ದಂಡೆಯಲ್ಲಿ ಕೂತು ಕುಡಿಯುವ ನೀರಿಗೆ ಕೊಳವೆ ಎಳೆಯುತ್ತಿದ್ದಾರೆ. ಸರೋವರದ ನೀರೂ ಮಿತಿಯಿಲ್ಲದ್ದಲ್ಲ. ಸುಪ್ರೀಂ ಕೋರ್ಟಿನ 1967ರ ತೀರ್ಪಿನ ಪ್ರಕಾರ ಇಲಿನಾಯ್ ರಾಜ್ಯಕ್ಕೆ ಸೆಕೆಂಡಿಗೆ 3,200 ಘನ ಅಡಿ ಮಾತ್ರ, ಅಂದರೆ 3,200 ಕ್ಯೂಸೆಕ್. 1900ರಲ್ಲಿ ಶಿಕಾಗೋ ತನ್ನ ನದಿಯನ್ನು ಹಿಮ್ಮುಖ ತಿರುಗಿಸಿದ್ದರಿಂದ, ಮೊದಲು ಸರೋವರಕ್ಕೆ ಸೇರುತ್ತಿದ್ದ ಊರಿನ ಮಳೆನೀರು ಈಗ ಡೆಸ್ ಪ್ಲೇನ್ಸ್ ನದಿಯ ಕಡೆ ಹೋಗುತ್ತದೆ. ಹಾಗೆ ಹೋಗುವ ಮಳೆನೀರನ್ನೂ ಆ 3,200ರಲ್ಲೇ ಎಣಿಸುತ್ತಾರೆ! ಕಾಂಕ್ರೀಟು ಹೆಚ್ಚಾದಷ್ಟೂ ಹರಿದುಹೋಗುವ ನೀರು ಹೆಚ್ಚು, ಕುಡಿಯಲು ಉಳಿಯುವ ಪಾಲು ಕಡಿಮೆ. ಕಾವೇರಿ ನ್ಯಾಯಮಂಡಳಿಯ ಲೆಕ್ಕಗಳನ್ನು ಪತ್ರಿಕೆಯಲ್ಲಿ ಓದಿ ಬೆಳೆದವರಿಗೆ ಇದು ಒಂದೇ ಏಟಿಗೆ ಅರ್ಥವಾಗುತ್ತದೆ.

ಬೆಂಗಳೂರಿಗೆ ಬರೋಣ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಬಂಗಲೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್‌ಹೌಸಿಗೆ ನೀರು ನುಗ್ಗಿ ಕಾವೇರಿ ನೀರಿನ ಸರಬರಾಜು ನಿಂತದ್ದು ಎಷ್ಟು ಜನಕ್ಕೆ ನೆನಪಿದೆ? ಊರು ಮುಳುಗಿದಾಗಲೇ ನಲ್ಲಿ ಒಣಗಿತ್ತು. 2024 ಇನ್ನೂ ಸ್ಪಷ್ಟ. ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. 12,000 ಲೀಟರಿನ ಟ್ಯಾಂಕರಿಗೆ ಐದು ಕಿ.ಮೀ. ಒಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, ಉದ್ಘಾಟನೆಯಾಯಿತು. ಅದೇ ವಾರಗಳಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಜನರನ್ನು ದೋಣಿಯಲ್ಲಿ ಹೊರಗೆ ತರುತ್ತಿದ್ದರು.

ನನ್ನ ತಂಗಿ ಹೊರಮಾವು ಕಡೆಯ ತಗ್ಗಿನಲ್ಲಿ ನೆಲಮಹಡಿಯ ಮನೆಯಲ್ಲಿ ಬಾಡಿಗೆಗಿದ್ದಳು. ಮಾರ್ಚ್‌ನಲ್ಲಿ ದರಪಟ್ಟಿ ತೋರಿಸಿದರೆ ಟ್ಯಾಂಕರಿನವನು, 'ಮೇಡಂ, ಆ ರೇಟಿಗೆ ಡಿಸಿ ಆಫೀಸಿಂದಾನೇ ತರಿಸ್ಕೊಳಿ' ಎಂದನಂತೆ. ಅಕ್ಟೋಬರಿನಲ್ಲಿ ಮೋರಿ ನೀರು ಮನೆಗೆ ಬಂತು. ಮನೆಗಿಂತ ಮೊದಲು ಸಂಪಿಗೆ ಬಂತು. 'ಅಕ್ಕಾ, ಹಾಲ್‌ನಲ್ಲಿ ಮಂಡಿವರೆಗೆ ನೀರು, ಕುಡಿಯೋಕ್ಕೆ ಒಂದು ಲೋಟ ಇಲ್ಲ' ಎಂದು ಫೋನು ಮಾಡಿದಳು. ನೀರು ಇಳಿದ ಮೇಲೆ ಸಂಪು ತೊಳೆಸಿ, ಮತ್ತೆ ಟ್ಯಾಂಕರು ತರಿಸಿ, ಅದೇ ಮನುಷ್ಯನಿಗೆ ದುಡ್ಡು ಕೊಟ್ಟಳು. ಇವಳು ಪ್ರವಾಹ ಸಂತ್ರಸ್ತೆಯೋ ಬರ ಸಂತ್ರಸ್ತೆಯೋ? ಪಾಲಿಕೆಯ ಕಡತದಲ್ಲಿ ಅವಳ ಬೀದಿಯ ಮೋರಿ ಇರುತ್ತದೆ, ಜಲಮಂಡಳಿಯ ಕಡತದಲ್ಲಿ ಮಾಲೀಕನ ಮೀಟರು ಇರುತ್ತದೆ. ಬಾಡಿಗೆದಾರಳು ಎರಡರಲ್ಲೂ ಇಲ್ಲ.

ಅಳೆಯುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಸಂಸ್ಥೆಯೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಊರೂರಲ್ಲಿ ಮಳೆಮಾಪಕ, ರಾಜಕಾಲುವೆಗಳಲ್ಲಿ ಸೆನ್ಸರು, ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಮಾಡಿದ 'ಮೇಘ ಸಂದೇಶ' ಆ್ಯಪು ಎಲ್ಲ ಇವೆ. ಇವು ನೀರಿನ ಮಟ್ಟ ಹೇಳುತ್ತವೆ. ಆ ಮಟ್ಟದಲ್ಲಿ ಯಾರ ಅಕ್ಕಿ ನೆನೆಯಿತು, ಯಾರಿಗೆ ಮಾಲೀಕ ಬಾಡಿಗೆ ಬಿಟ್ಟ, ಯಾರು ಕೆಲಸಕ್ಕೆ ಹೋಗದೆ ಕೂಲಿ ಕಳೆದುಕೊಂಡರು ಎಂಬುದು ಸೆನ್ಸರಿಗೆ ಗೊತ್ತಾಗದು. ಬರದ ಲೆಕ್ಕವೂ ಅರ್ಧಂಬರ್ಧ. ಆ 6,900 ಸರ್ಕಾರಿ ಬಾವಿಗಳ ಸಂಖ್ಯೆ, ಮನೆಮನೆಯ ಅಂಗಳದಲ್ಲಿ ಕೊರೆದ ಖಾಸಗಿ ಬಾವಿಗಳಲ್ಲಿ ಎಷ್ಟು ಒಣಗಿದವೆಂದು ಯಾರೂ ಕೇಳಿಲ್ಲ. ಹಳೆಯ ಕಾಲದ ಕೆರೆಯ ನೀರಗಂಟಿ ತೂಬಿನ ನೀರಿನ ಜೊತೆಗೆ ಅಚ್ಚುಕಟ್ಟಿನ ಮನುಷ್ಯರನ್ನೂ ಬಲ್ಲವನಾಗಿದ್ದ. ಯಾರ ಗದ್ದೆ ಕೊನೆಯದು, ಯಾರ ಮನೆಯಲ್ಲಿ ಗಂಡಸರಿಲ್ಲ ಎಂಬುದೂ ಅವನ ಲೆಕ್ಕದಲ್ಲಿತ್ತು. ಬೆಂಗಳೂರಿನ ಕೆರೆಗಳ ಬಗ್ಗೆ ಹರಿಣಿ ನಾಗೇಂದ್ರ, ಹಿತಾ ಉನ್ನಿಕೃಷ್ಣನ್ ಅವರಂಥವರು ಹಳಬರನ್ನು ಮಾತಾಡಿಸಿ ಈ ಜ್ಞಾನವನ್ನು ದಾಖಲಿಸಿದ್ದಾರೆ. ರಾಜಕಾಲುವೆಗಳ ಬಗ್ಗೆ 2015ರಲ್ಲಿ ಬರೆದ ಮಾಲಿನಿ ರಂಗನಾಥನ್, ಪ್ರವಾಹಕ್ಕೆ ಕೊಳೆಗೇರಿಯವರ ಒತ್ತುವರಿಯೇ ಕಾರಣ ಎಂಬ ಸಲೀಸಾದ ಮಾತನ್ನು ಪ್ರಶ್ನಿಸಿದ್ದಾರೆ. ಹೀಗೆ ವಿದ್ವಾಂಸರು ಒಬ್ಬೊಬ್ಬರಾಗಿ ಕೇಳುತ್ತಿದ್ದಾರೆ. ಸರ್ಕಾರ ಕೇಳುತ್ತಿಲ್ಲ.

ಅಷ್ಟು ದೊಡ್ಡ ಊರಲ್ಲಿ ಮನೆಮನೆಗೆ ಹೋಗುವುದು ಆಗುವ ಕೆಲಸವೇ ಎಂದು ಕೇಳುವವರಿಗೆ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ತೋರಿಸುತ್ತೇನೆ. ವಿದ್ಯುತ್ ಮೀಟರು ಹಿಡಿದು ಮನೆ ಗುರುತಿಸಿ, ಬಾಗಿಲಿಗೆ ಚೀಟಿ ಅಂಟಿಸಿ, 60 ಪ್ರಶ್ನೆ ಕೇಳಿಸಿದ ಸರ್ಕಾರಕ್ಕೆ ಹತ್ತು-ಹದಿನೈದು ಪ್ರಶ್ನೆ ಭಾರವಾಗಬಾರದು. ಎಲ್ಲ ಮನೆಗೂ ಹೋಗಬೇಕಾಗಿಲ್ಲ, ವಾರ್ಡಿಗೆ ಮುನ್ನೂರು ಮನೆ ಸರಿಯಾಗಿ ಆರಿಸಿದರೆ ಸಾಕು. ದಯವಿಟ್ಟು ಮೇಷ್ಟ್ರುಗಳನ್ನು ಮಾತ್ರ ಮತ್ತೆ ಕಳಿಸಬೇಡಿ. ಪಾಪ, ಅವರಿಗೆ ಪಾಠ ಮಾಡುವ ಕೆಲಸವೂ ಇದೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದುವ ಎಂ.ಎ. ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ಕಳಿಸಿ. ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಐವತ್ತು ವರ್ಷದಿಂದ ಇಂಥ ಕೆಲಸವನ್ನೇ ಮಾಡುತ್ತಿದೆ. ಪ್ರಶ್ನೆ ಸಿದ್ಧಪಡಿಸಲು ಹೊರಗಿನಿಂದ ಕನ್ಸಲ್ಟೆಂಟುಗಳನ್ನು ಕರೆಸುವ ಅಗತ್ಯವಿಲ್ಲ.

ನಿಜವಾದ ವಿರೋಧ ಬರುವುದು ಬೇರೆ ಕಡೆಯಿಂದ. ಯಾವ ಬೀದಿಗೆ ಎಷ್ಟು ಸಲ ನೀರು ನುಗ್ಗಿತೆಂದು ಪ್ರಕಟವಾದರೆ ಅಲ್ಲಿನ ಸೈಟಿನ ಬೆಲೆ ಇಳಿಯುತ್ತದೆ. ಇಳಿಯಲಿ. ಇಲಿನಾಯ್‌ನಲ್ಲಿ ಮನೆ ಮಾರುವವರು ತಮಗೆ ಗೊತ್ತಿರುವಂತೆ ಬೇಸ್‌ಮೆಂಟಿಗೆ ನೀರು ನುಗ್ಗಿದ್ದನ್ನು ಕಾನೂನು ಪ್ರಕಾರ ಬರೆದುಕೊಡಬೇಕು, ಬರೆದುಕೊಟ್ಟೂ ಮನೆಗಳು ಮಾರಾಟವಾಗುತ್ತಿವೆ. ನಮ್ಮಲ್ಲಿ ಸೈಟು ಕೊಳ್ಳುವಾಗ ಇ.ಸಿ. ನೋಡುತ್ತೇವೆ, ಖಾತಾ ನೋಡುತ್ತೇವೆ, ವಾಸ್ತು ನೋಡುತ್ತೇವೆ. ಮೋರಿ ನೀರು ಒಳಗೆ ಬಂದ ಚರಿತ್ರೆ ಯಾವ ಕಾಗದದಲ್ಲೂ ಇಲ್ಲ. ನನ್ನ ತಂಗಿ ಆ ಮನೆ ಬಿಟ್ಟು ಮೂರನೇ ಮಹಡಿಗೆ ಹೋದಳು. ಮಾಲೀಕರು ಗೋಡೆಯ ಬೂಷ್ಟು ಉಜ್ಜಿಸಿ ಡಿಸ್ಟೆಂಪರ್ ಹೊಡೆಸಿ, ರಾಯಚೂರಿನಿಂದ ಬಂದ ಗಾರೆ ಕೆಲಸದ ಕುಟುಂಬಕ್ಕೆ ಅದನ್ನು ಕೊಟ್ಟಿದ್ದಾರೆ. ಬಾಡಿಗೆ ಸಾವಿರ ರೂಪಾಯಿ ಜಾಸ್ತಿ.

ಆ ಕುಟುಂಬದ ಬಾಗಿಲಿಂದಲೇ ಶುರುಮಾಡಬಹುದು. ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆಯೋ ಸ್ವಂತವೋ. ಹೋದ ಮಳೆಗಾಲದಲ್ಲಿ ಮನೆಯೊಳಗೆ ನೀರು ಬಂತೇ, ಎಷ್ಟು ಎತ್ತರ, ಎಷ್ಟು ಹೊತ್ತು ನಿಂತಿತು, ಮಳೆನೀರೋ ಮೋರಿ ನೀರೋ. ಸಂಪಿಗೆ ಹೋಯಿತೇ. ಏನು ಹಾಳಾಯಿತು, ಯಾರು ಪರಿಹಾರ ಕೊಟ್ಟರು, ಎಷ್ಟು ದಿನದ ಕೂಲಿ ಹೋಯಿತು. ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಟ್ಯಾಂಕರಿಗೆ ಎಷ್ಟು ಕೊಟ್ಟಿರಿ, ನೀರು ಹಿಡಿಯಲು ಮನೆಯಲ್ಲಿ ಯಾರು ಎದ್ದು ಕಾಯುತ್ತಿದ್ದರು. ಈ ಮನೆಗೆ ಬರುವ ಮುಂಚೆ ಇಲ್ಲಿ ನೀರು ನುಗ್ಗುತ್ತದೆಂದು ಯಾರಾದರೂ ಹೇಳಿದ್ದರೇ. ಇಪ್ಪತ್ತು ನಿಮಿಷದ ಕೆಲಸ. ಒಂದು ಸುತ್ತು ಮಳೆಗಾಲ ಮುಗಿದ ನವೆಂಬರಿನಲ್ಲಿ, ಇನ್ನೊಂದು ಸುತ್ತು ಯುಗಾದಿ ಕಳೆದ ಮೇಲೆ ಅದೇ ಮನೆಗಳಿಗೆ. ಮೂರು ವರ್ಷದ ಉತ್ತರ ಕೈಗೆ ಬರುವವರೆಗೆ ಹೊಸ ತಡೆಗೋಡೆಯ ಟೆಂಡರುಗಳನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ಮೊದಲ ವರ್ಷದ ಉತ್ತರ ಬಂದ ಮೇಲೆ, ಮುಂದಿನ ಗೋಡೆ ಯಾವ ವಾರ್ಡಿಗೆ ಎಂಬುದನ್ನಾದರೂ ಆ ಪಟ್ಟಿ ನೋಡಿ ತೀರ್ಮಾನಿಸಿ.